ತೂಕ ಇಳಿಸಬೇಕೇ? ಊಟಕ್ಕೆ ಮುಂಚೆ ನೀರು ಕುಡಿಯಿರಿ

ಮಂಡಿ ನೋವು, ಶುಗರ್, ಬಿಪಿ ಅಂತ ಹೋದರೆ ಡಾಕ್ಟರು ಮೊದಲು ಹೇಳುವುದು ತೂಕ ಇಳಿಸಿ ಎಂದು. ಆಗ ನಮ್ಮ ಉಮ್ಮಂದಿರು ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಯಲು ಶುರು ಮಾಡುತ್ತಾರೆ. ನಿಜ ಹೇಳಬೇಕಾದರೆ ಬಿಸಿನೀರಿಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಜೇನಿನಲ್ಲಿ ಇರುವುದೂ ಹೆಚ್ಚಾಗಿ ಸಕ್ಕರೆಯೇ.

ಹಾಗಂತ ನೀರಿನಿಂದ ಲಾಭವೇ ಇಲ್ಲ ಎಂದಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 55 ವರ್ಷ ದಾಟಿದವರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಿತ ಆಹಾರವೇ. ಆದರೆ ಪ್ರತಿ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿದವರ ತೂಕ 12 ವಾರಗಳಲ್ಲಿ ಉಳಿದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿಯಿತು. ಹೊಟ್ಟೆ ಸ್ವಲ್ಪ ತುಂಬಿದ್ದರೆ ಎರಡನೇ ಸಲ ಬಿರಿಯಾನಿ ಹಾಕಿಸಿಕೊಳ್ಳಲು ಮನಸ್ಸಾಗುವುದಿಲ್ಲ, ನೋಡಿ.

ಇನ್ನೊಂದು ಲೆಕ್ಕ ಇದೆ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂನಷ್ಟು ಸಕ್ಕರೆ, ಅಂದರೆ ಸುಮಾರು 120 ಕ್ಯಾಲೊರಿ. ನೀರಿನಲ್ಲಿ ಸೊನ್ನೆ. ನೆಂಟರು ಬಂದಾಗ ಬರೀ ನೀರು ಕೊಡುವುದು ಹೇಗೆ ಎನ್ನುವವರು ಸಕ್ಕರೆ ಹಾಕದ ಸುಲೈಮಾನಿ ಕೊಡಬಹುದಲ್ಲ?

ಹೊಟ್ಟೆಯಲ್ಲಿ ನೀರಿಗೂ ಉಸಿರಿಗೂ ಜಾಗ ಬಿಡಬೇಕೆಂದು ಪ್ರವಾದಿ (ಸ.ಅ.) ಕಲಿಸಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಊಟದ ಸುಪ್ರದ ಮುಂದೆ ಮಾತ್ರ ನಾವು ದೊಡ್ಡವರು ಅದನ್ನು ಮರೆಯುತ್ತೇವೆ.

ನೀರೊಂದರಿಂದಲೇ ತೂಕ ಇಳಿಯದು. ಅನ್ನ ಕಡಿಮೆ ಆಗಬೇಕು, ನಡಿಗೆ ಜಾಸ್ತಿ ಆಗಬೇಕು. ಕಿಡ್ನಿ, ಹೃದಯದ ಕಾಯಿಲೆ ಇರುವವರು ಎಷ್ಟು ನೀರು ಕುಡಿಯಬಹುದು ಎಂದು ಡಾಕ್ಟರನ್ನು ಕೇಳಿಯೇ ಕುಡಿಯಲಿ. ಉಳಿದವರು ಬಿಸ್ಮಿ ಹೇಳಿ ಇಂದಿನ ಊಟದಿಂದಲೇ ಶುರು ಮಾಡಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.