ಸಾಂಬ್ರಾದ ಬಯಲು, ಟೋಕಿಯೊದ ಆಕಾಶ

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಾಂಬ್ರಾ ಸಿಗುತ್ತದೆ. ಇಲ್ಲಿನ ವಿಮಾನ ನಿಲ್ದಾಣವನ್ನು 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿತು. ಆಗ ಜಪಾನೀಯರು ಇದ್ದದ್ದು ಬರ್ಮಾದಲ್ಲಿ. ಅವರಿಗೂ ಬೆಳಗಾವಿಗೂ ನಡುವೆ ದಖನ್ ಪ್ರಸ್ಥಭೂಮಿ, ಅದರಾಚೆ ಬಂಗಾಳ ಕೊಲ್ಲಿ. ಯುದ್ಧದಿಂದ ಇಷ್ಟು ದೂರದ ಊರಿನಲ್ಲಿ ರನ್‌ವೇ ಯಾಕೆ ಬೇಕಾಯಿತು?

ದೂರವೇ ಅದರ ಗುಣವಾಗಿತ್ತು. 1942ರ ಏಪ್ರಿಲ್‌ನಲ್ಲಿ ಜಪಾನಿನ ನೌಕಾಪಡೆಯ ವಿಮಾನಗಳು ಕೊಲಂಬೊ, ಟ್ರಿಂಕೋಮಲಿ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದವು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟಿದ್ದರು. ವಿಮಾನ ಹಾರಿಸುವುದನ್ನು ಕಲಿಯುವವನಿಗೆ ತಲೆಯ ಮೇಲೆ ಶತ್ರು ಬರಬಾರದು. ಸಾಂಬ್ರಾ ಯುದ್ಧಕಾಲದ ತರಬೇತಿ ತಾಣವಾಯಿತು, ಮುಂದೆ ಆಗ್ನೇಯ ಏಷ್ಯಾ ಕಮಾಂಡಿಗೆ ಹಿಂದಿನಿಂದ ನೆರವಾಯಿತು.

ಪೆಸಿಫಿಕ್ ಯುದ್ಧವನ್ನು ನಕ್ಷೆಯ ಮೇಲೆ ಆಡುವ ಹವ್ಯಾಸಿಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನ್ಯೂಯಾರ್ಕಿನ ಎಸ್‌ಪಿಐ ಕಂಪನಿ 1978ರಲ್ಲಿ ‘ವಾರ್ ಇನ್ ದಿ ಪೆಸಿಫಿಕ್’ ಎಂಬ ಭಾರಿ ಗಾತ್ರದ ಆಟವನ್ನು ಹೊರತಂದಿತು. ಇದೇ ಹೆಸರಿನ ಕಂಪ್ಯೂಟರ್ ಆಟ 2004ರಲ್ಲಿ ಬಂತು. ಸಮುದ್ರ, ನೆಲ ಎಲ್ಲವೂ ಜೇನುಗೂಡಿನಂಥ ಆರು ಮೂಲೆಯ ಮನೆಗಳು. ವಿಮಾನ ಎಷ್ಟು ಮನೆ ದಾಟಬಲ್ಲದು ಎಂಬುದರ ಮೇಲೆ ಆಟ ನಿಲ್ಲುತ್ತದೆ. 1944 ದಾಟಿದ ಮೇಲೆ ಅಮೆರಿಕದ ಪಕ್ಷ ಹಿಡಿದವನಿಗೆ ವಿಮಾನಗಳಿಗೆ ಬರವಿಲ್ಲ. ಅವನ್ನು ಎಲ್ಲಿ ಇಳಿಸುವುದು, ಪೆಟ್ರೋಲು ಹೇಗೆ ಮುಟ್ಟಿಸುವುದು, ಕೆಟ್ಟದ್ದನ್ನು ಯಾರು ರಿಪೇರಿ ಮಾಡುವುದು ಎಂಬುದೇ ತಲೆನೋವು.

ನಿಜದ ಸೇನಾಧಿಕಾರಿಗಳನ್ನು ಕಾಡಿದ್ದೂ ಅದೇ. ಬಿ-29 ಎಂಬ ಹೊಸ ದೈತ್ಯ ಬಾಂಬರ್‌ಗಳನ್ನು ಅಮೆರಿಕ 1944ರಲ್ಲಿ ಮೊದಲು ಇರಿಸಿದ್ದು ಬಂಗಾಳದ ಖರಗ್‌ಪುರದ ಸುತ್ತಮುತ್ತ. ಅಲ್ಲಿಂದ ಜಪಾನ್ ಎಟುಕುವುದಿಲ್ಲ. ಆದ್ದರಿಂದ ಹಿಮಾಲಯ ದಾಟಿ ಚೀನಾದ ಚೆಂಗ್ದು ಬಳಿ ಇಳಿದು, ಅಲ್ಲಿಂದ ಮತ್ತೆ ಹೊರಡಬೇಕು. ಚೆಂಗ್ದುವಿಗೆ ಪೆಟ್ರೋಲು, ಬಾಂಬು ಎಲ್ಲವೂ ವಿಮಾನದಲ್ಲೇ ಹೋಗಬೇಕು. ಜಪಾನಿನ ಮೇಲೆ ಒಂದು ಸಲ ಹಾರಲು ಹಿಮಾಲಯದ ಮೇಲೆ ಹಲವು ಸಲ ಹೋಗಿಬರಬೇಕಾದ ವ್ಯವಹಾರ! ಕೋಣ ಕೊಳ್ಳುವುದಕ್ಕಿಂತ ಮೇವಿನ ಖರ್ಚೇ ಹೆಚ್ಚಾಯಿತು. 1944ರ ಜೂನ್ 15ರ ರಾತ್ರಿ ಯವಾಟಾ ಉಕ್ಕಿನ ಕಾರ್ಖಾನೆಯ ಮೇಲೆ ನಡೆದ ದಾಳಿಯಲ್ಲಿ ಗುರಿಯ ಮೇಲೆ ಬಾಂಬು ಹಾಕಿದ್ದು 47 ವಿಮಾನಗಳು. ಕಾರ್ಖಾನೆಗೆ ಆದ ಹಾನಿ ನಗಣ್ಯ.

ಈ ಕಾಲದಲ್ಲಿ ಕನ್ನಡ ನೆಲದ ಪಾಲು ದೊಡ್ಡದಾಗಿದ್ದುದು ಬೆಂಗಳೂರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದ್ದರು. ವಿಮಾನ ಕಟ್ಟುವ ಕನಸಿನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಬಂದು ದೊಡ್ಡ ರಿಪೇರಿ ಶಾಲೆಯಾಯಿತು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬರುತ್ತಿದ್ದವು. ಇಂದು ನೊರೆಗೆ ಹೆಸರಾದ ಕೆರೆ ಅದೇ.

ಯವಾಟಾ ದಾಳಿಯ ದಿನವೇ, ಅಂದರೆ ಜೂನ್ 15ರಂದೇ, ಅಮೆರಿಕದ ಸೈನಿಕರು ಮರಿಯಾನಾ ದ್ವೀಪಗಳ ಪೈಕಿ ಸೈಪಾನ್‌ನಲ್ಲಿ ಇಳಿದಿದ್ದರು. ಅಲ್ಲಿಂದ ಟೋಕಿಯೊ ಸುಮಾರು 2,400 ಕಿಲೋಮೀಟರ್. ಪೆಟ್ರೋಲನ್ನು ಹಡಗಿನಲ್ಲೇ ತರಬಹುದು. ಹಿಮಾಲಯದ ಹಾದಿಗೆ ಅರ್ಥ ಉಳಿಯಲಿಲ್ಲ. 1945ರಲ್ಲಿ ಭಾರತದ ಬಿ-29ಗಳೂ ಅತ್ತ ಹೊರಟವು. ಆಟದಲ್ಲೂ ಜಾಣ ಆಟಗಾರ ಮಾಡುವುದು ಇದನ್ನೇ. ಚೀನಾದಲ್ಲಿ ಬೆವರು ಸುರಿಸುವ ಬದಲು ಮರಿಯಾನಾ ಹಿಡಿಯುತ್ತಾನೆ, ಬೆಂಗಾವಲು ವಿಮಾನಗಳಿಗಾಗಿ ಇವೊ ಜಿಮಾ ಹಿಡಿಯುತ್ತಾನೆ.

ನೆಲೆ ಸಿಕ್ಕರೂ ಗುರಿ ಸಿಗಲಿಲ್ಲ. ಎತ್ತರದಲ್ಲಿ ಬೀಸುವ ಬಿರುಗಾಳಿ, ಕೆಳಗೆ ಮೋಡ. ಕಾರ್ಖಾನೆಗಳಿಗೆ ಎಸೆದ ಬಾಂಬು ಬೇರೆಲ್ಲೋ ಬೀಳುತ್ತಿತ್ತು. 1945ರ ಜನವರಿಯಲ್ಲಿ ಮರಿಯಾನಾದ ಹೊಣೆ ಹೊತ್ತ ಕರ್ಟಿಸ್ ಲೆಮೇ ಲೆಕ್ಕವನ್ನೇ ಬದಲಿಸಿದ. ರಾತ್ರಿ ಹೋಗಿ, ಕೆಳಗೆ ಹಾರಿ, ಹೆಚ್ಚಿನ ಬಂದೂಕುಗಳನ್ನು ತೆಗೆದು, ಆ ಭಾರಕ್ಕೂ ಬೆಂಕಿಯ ಬಾಂಬನ್ನೇ ತುಂಬಿ ಎಂದ. ಮಾರ್ಚ್ 9-10ರ ರಾತ್ರಿ 279 ವಿಮಾನಗಳು ಟೋಕಿಯೊದ ಮರದ ಮನೆಗಳ ಮೇಲೆ ಬೆಂಕಿ ಸುರಿದವು. 40 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ ಸುಟ್ಟುಹೋಯಿತು, ಸತ್ತವರು ಸುಮಾರು ಒಂದು ಲಕ್ಷ. ಅದೇ ತಿಂಗಳ ಕೊನೆಯಲ್ಲಿ ಇದೇ ವಿಮಾನಗಳು ಜಪಾನಿನ ಜಲಸಂಧಿಗಳಲ್ಲಿ ಮೈನ್ ಬಿತ್ತತೊಡಗಿದವು. ಆಹಾರ, ಕಲ್ಲಿದ್ದಲು ತರುವ ಹಡಗುಗಳು ನಿಂತವು. ಖರ್ಚಿಗೆ ಹೋಲಿಸಿದರೆ ಈ ಎರಡನೆಯ ಕೆಲಸವೇ ಹೆಚ್ಚು ಫಲ ಕೊಟ್ಟಿತೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಆಟದಲ್ಲಿ ಉರಿದ ನಗರ ಒಂದು ಸಂಖ್ಯೆ ಮಾತ್ರ. ಆ ರಾತ್ರಿ ಸುಮಿದಾ ನದಿಗೆ ಹಾರಿದವರು ಯಾವ ಮನೆಯಲ್ಲೂ ಕಾಣುವುದಿಲ್ಲ.

ಸಾಂಬ್ರಾದಿಂದ ನಿಜವಾದ ದಾಳಿಗೆ ವಿಮಾನ ಏರಿದ್ದು ಇನ್ನೂ ಹದಿನಾರು ವರ್ಷ ಕಳೆದ ಮೇಲೆ, ಗೋವಾ ವಿಮೋಚನೆಯಲ್ಲಿ. 1961ರ ಡಿಸೆಂಬರ್ 18ರಂದು ದೂರ ಹಾರಬಲ್ಲ ಕ್ಯಾನ್‌ಬೆರಾ ಬಾಂಬರ್‌ಗಳು ಪುಣೆಯಿಂದ ಬಂದು ದಾಬೋಲಿಂ ರನ್‌ವೇಗೆ ಬಾಂಬು ಹಾಕಿದವು. ಹಂಟರ್ ಯುದ್ಧವಿಮಾನಗಳಿಗೆ ಹತ್ತಿರದ ನೆಲೆ ಬೇಕಿತ್ತು. ಅವು ಸಾಂಬ್ರಾದಿಂದ ಹೊರಟು, ಸಹ್ಯಾದ್ರಿ ದಾಟಿ, ಬಾಂಬೋಲಿಂನ ವೈರ್‌ಲೆಸ್ ಕೇಂದ್ರವನ್ನು ರಾಕೆಟ್‌ಗಳಿಂದ ಹೊಡೆದವು. ಯುದ್ಧದಿಂದ ದೂರವಿದೆ ಎಂದು ಬ್ರಿಟಿಷರು ಆರಿಸಿದ ಬಯಲು, ಆ ಬೆಳಿಗ್ಗೆ ಹತ್ತಿರವಿದೆ ಎಂಬ ಕಾರಣಕ್ಕೆ ಒದಗಿತು. ಈಗ ಅಲ್ಲಿ ನಾಗರಿಕ ನಿಲ್ದಾಣದ ಪಕ್ಕದಲ್ಲೇ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ನಡೆಯುತ್ತಿದೆ.