ಬಿಸಿಯಾರಿದ ದೀಪಕ್ಕೆ ಸೀರೆಯ ಗವುಸು

ಬೆಂಗಳೂರಿನ ಬಿಟಿಎಂ ಲೇಔಟ್‌ನ ಯಾವ ಅಡ್ಡರಸ್ತೆಗೆ ಹೊಕ್ಕರೂ ‘ಫಾಲ್, ಜಿಗ್‌ಜಾಗ್, ಕುಚ್ಚು’ ಎಂಬ ಬೋರ್ಡೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂಥ ಅಂಗಡಿಗೆ ಹಳೆ ಸೀರೆಯ ಜತೆ ಲ್ಯಾಂಪ್‌ಶೇಡ್ ಹಿಡಿದು ಹೋಗಿ ‘ಇದಕ್ಕೊಂದು ಗವುಸು ಹೊಲಿದುಕೊಡಿ’ ಎನ್ನುವುದು ಈಗ ಆಗದ ಮಾತೇನಲ್ಲ. ಇಪ್ಪತ್ತು ವರ್ಷದ ಹಿಂದಾದರೆ ಬಟ್ಟೆ ಸುಟ್ಟೀತು ಎಂದು ಮನೆಯ ಹಿರಿಯರೇ ತಡೆಯುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು.

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಪೇಟೆಯಲ್ಲಿ ಬೀದಿದೀಪ ಹೊತ್ತಿತು. 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಬಲ್ಬನ್ನು ಮನೆಮನೆಗೆ ತಂದಿತು. ತಂತಿ ಕಾದು ಬೆಳಗುವ ಬಲ್ಬು ಅದು. ನುಂಗಿದ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲೂ ಬೆಳಕಾಗದೆ ಉಳಿದದ್ದೆಲ್ಲ ಶಾಖವಾಗಿ ಹೋಗುತ್ತಿತ್ತು. 60 ವ್ಯಾಟಿನ ಬಲ್ಬಿನ ಗಾಜು ಕುದಿವ ನೀರಿಗಿಂತ ಬಿಸಿಯಾಗಬಲ್ಲದು. ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ರೇಷ್ಮೆ ಶೇಡುಗಳು, ಜಾಲರಿ ಕುಚ್ಚುಗಳ ಸಮೇತ, ಅಷ್ಟು ಅಗಲವಾಗಿದ್ದುದಕ್ಕೆ ಬರೀ ಠೀವಿ ಕಾರಣವಲ್ಲ, ಬಟ್ಟೆ ಉರಿಯಿಂದ ದೂರ ನಿಲ್ಲಲೇಬೇಕಿತ್ತು. ನಮ್ಮಲ್ಲಿ ಲಾಟೀನಿಗೆ ಗಾಜು. ಬಟ್ಟೆ ಇದ್ದದ್ದು ಪೆಟ್ರೊಮ್ಯಾಕ್ಸಿನ ಮ್ಯಾಂಟಲ್ಲಿನಲ್ಲಿ ಮಾತ್ರ, ಅದೂ ಮೊದಲ ಸಲ ಹೊತ್ತಿಸಿದಾಗಲೇ ಸುಟ್ಟು ಬೂದಿಯಾಗಿ ನಿಲ್ಲುವಂಥದ್ದು. ಆಮೇಲೆ ಬಂದ ಟ್ಯೂಬ್‌ಲೈಟು ತಣ್ಣಗಿತ್ತು, ಆದರೆ ಗೋಡೆಗೆ ಅಂಟಿಕೊಂಡ ಆ ಉದ್ದ ಕೋಲಿಗೆ ಯಾರು ಲಂಗ ತೊಡಿಸುತ್ತಾರೆ?

ಆಟ ಬದಲಾಯಿಸಿದ್ದು ಎಲ್‌ಇಡಿ. 2015ರ ಜನವರಿ 5ರಂದು ಕೇಂದ್ರದ ಅಗ್ಗದ ಬಲ್ಬಿನ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂಬ ಹೆಸರು. ಹಳೆಯ 60 ವ್ಯಾಟಿನ ಕೆಲಸವನ್ನು 9 ವ್ಯಾಟು ಮಾಡಿತು. ಬಟ್ಟೆ ಸುಡುವ ಭಯ ಹೋಯಿತು. ಬುಡ ಬೆಚ್ಚಗಾಗುವುದರಿಂದ ಶೇಡಿನ ಮೇಲ್ಬಾಯಿ ಮುಚ್ಚಬಾರದು, ಅಷ್ಟೇ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಬಾಗಿಲು ತೆರೆದ ಮೇಲೆ ಬೋಳು ಬಿಳಿ ಶೇಡುಗಳು ಕೈಗೆಟುಕಿದವು. ಬಿಟಿಎಂನ ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬದಲಿಸುವ ಹಾಗಿಲ್ಲ, ದೀಪವಾದರೆ ಅವರದೇ.

ಹೊಲಿಗೆ ಸುಲಭ, ಕತ್ತರಿಸುವುದು ಕಷ್ಟ. ಮೇಲೆ ಕಿರಿದು, ಕೆಳಗೆ ಅಗಲವಾದ ಶೇಡನ್ನು ಹಳೆ ಪೇಪರಿನ ಮೇಲೆ ಉರುಳಿಸಿ, ಎರಡೂ ಅಂಚು ಸಾಗಿದ ದಾರಿಗೆ ಪೆನ್ಸಿಲ್ ಎಳೆದರೆ ಬಾಗಿದ ಪಟ್ಟಿಯೊಂದು ಸಿಗುತ್ತದೆ. ಅದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ನಡುವೆ ನೆಟ್ಟಗಿರುವ ನೇಯ್ಗೆಯ ಗೆರೆ ತುದಿಗಳಲ್ಲಿ ಓರೆಯಾಗುತ್ತದೆ. ಹಾಗಾಗಿ ಚೌಕಳಿ ಸೀರೆಯಾದರೆ ಲಂಗದ ಹಾಗೆ ಆರೆಂಟು ಕಲಿ (ಮೇಲೆ ಕಿರಿದು, ಕೆಳಗೆ ಅಗಲವಾದ ತುಂಡು) ಜೋಡಿಸುವುದೇ ವಾಸಿ. ಮೇಲೂ ಕೆಳಗೂ ಎಲಾಸ್ಟಿಕ್ ಅಥವಾ ಲಾಡಿ ಕೊಟ್ಟರೆ ಕಳಚಿ ಒಗೆಯಬಹುದು. ಬೆಂಗಳೂರಿನ ಧೂಳಿಗೆ ಅದು ಬೇಕೇ ಬೇಕು.

ಸ್ವಾರಸ್ಯವಿರುವುದು ದೀಪ ಹೊತ್ತಿಸಿದ ಮೇಲೆ. ಅಂಗಡಿಯಲ್ಲಿ ಬಟ್ಟೆಯ ಮೇಲೆ ಬೆಳಕು ಬೀಳುತ್ತದೆ, ಇಲ್ಲಿ ಹಿಂದಿನಿಂದ ಬರುತ್ತದೆ. ಹಗಲು ಥಳಥಳಿಸುವ ಜರಿ ಅಂಚು ಬೆಳಕನ್ನು ಒಳಗೇ ತಡೆದು ಕಪ್ಪು ಪಟ್ಟಿಯಾಗುತ್ತದೆ. ಮಡಚಿದ ಹೊಲಿಗೆಯೂ ಗೆರೆಯಾಗಿ ಮೂಡುತ್ತದೆ. ಯಾರೂ ಲೆಕ್ಕಕ್ಕಿಡದ ತೆಳು ಉಡುಪಿ ಹತ್ತಿ ಸೀರೆ ಮಾತ್ರ ಎಳೆಎಳೆಯಾಗಿ ಬೆಳಗುತ್ತದೆ. ರೇಷ್ಮೆಯೂ ಹಾಗೆಯೇ, ಜರಿ ಕಡಿಮೆಯಿದ್ದರೆ. ಬಿಟಿಎಂನಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದ್ದರೂ ನಮಗೆ ಸಿಲ್ಕ್ ಬೋರ್ಡ್ ಎಂದರೆ ಟ್ರಾಫಿಕ್ ಜಾಮ್ ಮಾತ್ರ ನೆನಪಾಗುವುದು ಬೇರೆ ಸಂಗತಿ.

ಮಾಮೂಲಿ ಕಸೂತಿಗೆ ಈ ಪರೀಕ್ಷೆ ದಾಟುವುದು ಕಷ್ಟ: ಹಿಂಬದಿಯಲ್ಲಿ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿದ ದಾರ, ಗಂಟು ಎಲ್ಲವೂ ನೆರಳಾಗಿ ಕಾಣುತ್ತವೆ. ಧಾರವಾಡ ಸೀಮೆಯ ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆಗಳಿಗೆ ಆ ಭಯವಿಲ್ಲ. ಗಂಟು ಹಾಕದೆ, ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುವುದರಿಂದ ಎರಡೂ ಬದಿ ಒಂದೇ ಚಿತ್ತಾರ. ಗೋಪುರ, ತೇರು, ಆನೆ ದೀಪದ ಮುಂದೆ ಸ್ವಚ್ಛವಾಗಿ ನಿಲ್ಲುತ್ತವೆ. ಹಾಗೆಂದು ಕೈಕಸೂತಿಯ ಒಳ್ಳೆಯ ಸೀರೆಗೆ ಕತ್ತರಿ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಒಡಲು ಹರಿದು ಸೆರಗು ಮಾತ್ರ ಉಳಿದ ಇಳಕಲ್ ಸಿಕ್ಕರೆ, ಆಗ ಕೇಳಿ.