ವರ್ಷಕ್ಕೊಂದು ಲೋಟ ಕಹಿ

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ಬುಡಕ್ಕೆ ಹೋಗುವವರ ಕೈಯಲ್ಲಿ ಕತ್ತಿ ಇರುವುದಿಲ್ಲ. ಮರಕ್ಕೆ ಕಬ್ಬಿಣ ತಾಗಬಾರದು, ಸೂರ್ಯ ಮೂಡುವ ಮೊದಲೇ ಕೆತ್ತೆ, ಅಂದರೆ ತೊಗಟೆ, ಮನೆ ಸೇರಬೇಕು ಎಂಬುದು ತುಳುನಾಡಿನ ಕಟ್ಟಳೆ. ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಿ ತರುತ್ತಾರೆ. ಅದರ ಹೊರಮೈ ಹೆರೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ, ಅರಸಿನ ಕೂಡಿಸಿ ಅರೆದು ರಸ ಹಿಂಡುತ್ತಾರೆ. ಕೆಂಡದಲ್ಲಿ ಕಾದ ಬಿಳಿ ಬೆಣಚುಕಲ್ಲನ್ನು ಆ ರಸಕ್ಕೆ ಹಾಕಿದರೆ ಚೊಂಯ್ ಎಂದು ಹಬೆ ಏಳುತ್ತದೆ. ಖಾಲಿ ಹೊಟ್ಟೆಗೆ ಒಂದಿಷ್ಟು ಕುಡಿದು ಮುಖ ಸಿಂಡರಿಸಿದ ಮೇಲೆ ಮೆಂತೆ ಗಂಜಿ. ಕಷಾಯ ಉಷ್ಣ, ಮೆಂತೆ ತಂಪು ಎನ್ನುವುದು ಹಿರಿಯರ ಲೆಕ್ಕ. ಉಳಿದ ಕರ್ನಾಟಕ ಭೀಮನ ಅಮಾವಾಸ್ಯೆ ಮಾಡುವ ದಿನವೇ ಇದೂ ನಡೆಯುತ್ತದೆ.

ಈ ಕಹಿ ಆಟಿಗೇ ಏಕೆ ಬಂತು ಎಂದು ತಿಳಿಯಲು ಆಟಿಯ ಅಡುಗೆಮನೆಯನ್ನು ನೋಡಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಅದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಮಳೆಗಾಲದ ಏಣೆಲು ಬೆಳೆಯ ನೇಜಿ (ಭತ್ತದ ಸಸಿ) ನೆಟ್ಟಾಗಿದೆ, ಹಳೆಯ ಅಕ್ಕಿ ಮುಗಿಯುತ್ತ ಬಂದಿದೆ, ಹೊಸ ಪೈರು ಇನ್ನೂ ಹಸಿರು. ಹಾಗಾಗಿ ಊಟವೆಂದರೆ ತಜಂಕಿನ ಸೊಪ್ಪು, ಕೆಸುವಿನ ಪತ್ರೊಡೆ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ, ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಗೋಡೆಯೂ ಒದ್ದೆ, ಚಾಪೆಯೂ ಒದ್ದೆ. ಜ್ವರ, ಭೇದಿ, ಹೊಟ್ಟೆಹುಳ ಎಲ್ಲ ಒಟ್ಟಿಗೆ ಬರುತ್ತಿದ್ದ ಕಾಲ. ಊರಿನ ಮಾರಿ ಕಳೆಯಲು ಆಟಿ ಕಳೆಂಜನ ವೇಷ ಮನೆಮನೆಗೆ ಬರುತ್ತಿದ್ದುದೂ ಇದೇ ತಿಂಗಳಲ್ಲಿ. ಬೇಸಿಗೆಗೆ ಪುನರ್ಪುಳಿ, ಮೊದಲ ಮಳೆಗೆ ಕಾಳುಮೆಣಸಿನ ಕಷಾಯ ಎಂದು ಋತುವಿಗೊಂದು ಮದ್ದು ಇಟ್ಟುಕೊಂಡಿದ್ದ ಮನೆಗಳು ವರ್ಷದ ಅತಿ ಕಷ್ಟದ ತಿಂಗಳಿಗೆ ಅತಿ ಕಹಿಯನ್ನು ಆರಿಸಿಕೊಂಡವು. ಘಟ್ಟದ ಮೇಲೆ ಕೊಡಗಿನಲ್ಲೂ ಹೀಗೆಯೇ. ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ. ಕೇರಳದಲ್ಲಿ ಕರ್ಕಾಟಕದ ಗಂಜಿ. ಹೆಸರು ಬೇರೆಯಾದರೂ ತಿಂಗಳು ಒಂದೇ.

ಮರದ ಕೀರ್ತಿ ಮಾತ್ರ ತುಳುನಾಡಿನ ಗಡಿ ದಾಟಿ ಬಹಳ ಹಿಂದಕ್ಕೆ ಹೋಗುತ್ತದೆ. ಕನ್ನಡದ ಹಾಲೆ ಮರ, ಸಂಸ್ಕೃತದ ಸಪ್ತಪರ್ಣ ಎರಡೂ ಇದೇ. ಚರಕ, ಸುಶ್ರುತ ಸಂಹಿತೆಗಳಲ್ಲಿ ಇದು ಬರುತ್ತದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಬರೆಸಿದ 'ಹಾರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದಾಗ 'ಪಾಲ'ದ ಚಿತ್ರವೂ ಅದರಲ್ಲಿತ್ತು. ಆ ಗ್ರಂಥಕ್ಕೆ ನೆರವಾದ ವೈದ್ಯರಲ್ಲಿ ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಇದ್ದರು. 1767ರಲ್ಲಿ ಲಿನೇಯಸ್ ಈ ಮರಕ್ಕೆ 'ಸ್ಕಾಲರಿಸ್' ಎಂದು ಹೆಸರಿಟ್ಟ. ಏಕೆಂದರೆ ಇದರ ಹಗುರ ಮರ ಶಾಲೆ ಮಕ್ಕಳ ಬರೆಯುವ ಹಲಗೆಗೆ ಬಳಕೆಯಾಗುತ್ತಿತ್ತು. ಶಾಂತಿನಿಕೇತನದಲ್ಲಿ ಪದವಿ ಪಡೆಯುವವರಿಗೆ ಇದರ ಎಲೆ ಕೊಡುವ ಸಂಪ್ರದಾಯ ಬೆಳೆದುಬಂದಿತ್ತು.

ಜ್ವರಕ್ಕೆ ಈ ತೊಗಟೆ ಎಂಬ ನಂಬಿಕೆಯೂ ನಮ್ಮದೊಂದೇ ಅಲ್ಲ. 19ನೇ ಶತಮಾನದಲ್ಲಿ ಫಿಲಿಪ್ಪೀನ್ಸಿನಲ್ಲಿ ಇದರಿಂದ 'ಡಿಟಾಯಿನ್' ತೆಗೆದು ಕ್ವಿನೀನಿಗೆ ಬದಲಾಗಿ ಕೊಟ್ಟರು. ನಮ್ಮ ಕೇಂದ್ರ ಆಯುರ್ವೇದ ಸಂಶೋಧನಾ ಪರಿಷತ್ತು 1980ರಲ್ಲಿ ಮಲೇರಿಯಾಕ್ಕೆಂದು ರೂಪಿಸಿದ 'ಆಯುಷ್-64' ಗುಳಿಗೆಯಲ್ಲಿ ಸಪ್ತಪರ್ಣವೂ ಒಂದು. 2021ರ ಕೋವಿಡ್ ಅಲೆಯಲ್ಲಿ ಅದೇ ಗುಳಿಗೆ ಮತ್ತೆ ಸುದ್ದಿಯಾಯಿತು. ಆದರೆ 1990ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ ತೊಗಟೆಯ ಸಾರ ಮಲೇರಿಯಾ ರೋಗಾಣುವನ್ನು ಹತ್ತಿಕ್ಕಲಿಲ್ಲ. ಒಂದು ಲೋಟ ಕುಡಿದರೆ ವರ್ಷವಿಡೀ ಕಾಯಿಲೆ ಸುಳಿಯದು ಎಂದು ಆಣೆಯಿಟ್ಟು ಹೇಳುವವರ ಮಾತನ್ನು ನಾನಂತೂ ನಂಬಲಾರೆ. ಚಳಿಜ್ವರ ಬಂದರೆ ರಕ್ತ ಪರೀಕ್ಷೆಗೇ ಹೋಗಬೇಕು.

ನನಗೆ ಹೆಚ್ಚು ಬೆಲೆಯುಳ್ಳದ್ದು ಅನ್ನಿಸುವುದು ಈ ಆಚರಣೆಯ ಸುತ್ತ ಇದ್ದ ಎಚ್ಚರ. ಪಾಲೆ ಇರುವ ಗುಡ್ಡದಲ್ಲೇ ಕಾಸರಕವೂ ಬೆಳೆಯುತ್ತದೆ, ತುಳುವಿನ ಕಾಯೆರ್. ಅದರಲ್ಲಿರುವುದು ಸ್ಟ್ರಿಕ್ನಿನ್, ಘೋರ ವಿಷ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಕುತ್ತು. ಹಗಲಿನಲ್ಲಾದರೆ ಗುರುತು ಸುಲಭ: ಪಾಲೆಯ ಎಲೆಗಳು ಐದೋ ಆರೋ ಏಳೋ ಒಂದೇ ಗಿಣ್ಣಿನ ಸುತ್ತ ಕೊಡೆಯಂತೆ ಹರಡಿರುತ್ತವೆ, ಗಾಯವಾದಲ್ಲಿ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿಜೋಡಿ, ಹಾಲಿಲ್ಲ. ಅದಕ್ಕೇ ಹಿಂದಿನ ದಿನವೇ ತಿಳಿದವರು ಮರ ನೋಡಿ ಗುರುತು ಮಾಡಿಟ್ಟು ಬರುವ ರೂಢಿ. ಯಾವುದನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ.

ಇಂದು ಕಷಾಯ ಮನೆಯಿಂದ ಸಭಾಭವನಕ್ಕೆ ಬಂದಿದೆ. 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಎಂಬ ಬ್ಯಾನರಿನಡಿ ಸಂಘ ಸಂಸ್ಥೆಗಳು ಹಂಚುತ್ತವೆ; ಬೆಂಗಳೂರು, ಮುಂಬೈಗಳ ತುಳುವರೂ ಕುಡಿಯುತ್ತಾರೆ. ಮರ ಗೊತ್ತಿಲ್ಲದವರು ತಿಳಿದವರ ಕೈಯಿಂದ ಪಡೆಯುವುದು ಒಳ್ಳೆಯದೇ. ಗರ್ಭಿಣಿಯರು, ಪುಟ್ಟ ಮಕ್ಕಳು, ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು ಎಂದು ಬ್ಯಾನರಿನಲ್ಲಿ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ನೂರಾರು ಮಂದಿಗೆ ಸಾಕಾಗುವಷ್ಟು ಕೆತ್ತೆಯನ್ನು ಒಂದೇ ಮರದ ಸುತ್ತ ಸುಲಿದರೆ ಆ ಮರ ಸಾಯುತ್ತದೆ. ಒಂದು ಮನೆಗೆ ಒಂದು ಅಂಗೈಯಗಲದ ಕೆತ್ತೆ ಸಾಕಾಗುತ್ತಿತ್ತು.